ಕಿವಿ ಇದ್ದ ಹಾವು

ಮೊಣಕಾಲಿಗೆ ಏನೋ ತಾಗಿತು. ಕಲ್ಲಲ್ಲ. ಕಲ್ಲು ತಾನಾಗಿ ಬಂದು ತಾಗುವುದಿಲ್ಲ.

ನಾನು ಬಾವಿಯ ತಳದಲ್ಲಿ ಕೂತಿದ್ದೆ. ತೊಡೆಯ ಮೇಲೆ ಗುಂಡುಕಲ್ಲು, ಎದೆಗೆ ಕಟ್ಟಿದ ಜೀಪಿನ ಟ್ಯೂಬು, ಬಾಯಲ್ಲಿ ಸೈಕಲ್ ಟ್ಯೂಬಿನ ತುಂಡು, ಎಡಗೈಯಲ್ಲಿ ಗೋಣಿಚೀಲ, ಚೀಲದೊಳಗೆ ಕೋಳಿಯ ಕರುಳು. ತಲೆಯ ಮೇಲೆ ಎರಡಾಳುದ್ದ ನೀರು. ಮೇಲೆ ನೋಡಿದರೆ ಬಾವಿಯ ಬಾಯಿ ಹಸಿರು ತಟ್ಟೆಯ ಹಾಗೆ ಕಾಣುತ್ತಿತ್ತು. ಅದರ ಅಂಚಿಗೆ ಸುತ್ತ ತಲೆಗಳು. ಆ ತಲೆಗಳಲ್ಲಿ ಒಂದು ನಮ್ಮಕ್ಕನದು.

ಮೊಣಕಾಲಿಗೆ ತಾಗಿದ್ದು ತೊಡೆಗೆ ಬಂತು. ತಣ್ಣಗೆ, ನುಣ್ಣಗೆ, ಎಣ್ಣೆ ಹಚ್ಚಿದ ಹಗ್ಗದ ಹಾಗೆ ಸರಿಯಿತು. ಸರಿಯುತ್ತಲೇ ಇತ್ತು, ಮುಗಿಯಲೇ ಇಲ್ಲ. ನಾನು ಹಾವಿಗೆ ಹೆದರುವವನಲ್ಲ. ಆದರೂ ಚಡ್ಡಿ ಒದ್ದೆಯಾಯಿತೋ ಏನೋ, ನೀರಿನಲ್ಲಿದ್ದುದರಿಂದ ಗೊತ್ತಾಗಲಿಲ್ಲ.

ಇದು ಈಗ ನೆನಪಾದದ್ದು ರಬ್ಬರು ವಾಸನೆಯಿಂದ. ನೆನ್ನೆ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ಮಧುಗಿರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹಳೇ ಟ್ಯೂಬನ್ನು ಕತ್ತರಿಸಿ ಮೂಟೆ ಕಟ್ಟುವ ಪಟ್ಟಿ ಮಾಡುತ್ತಿದ್ದ. ಬಿಸಿಲಿಗೆ ವಾಸನೆ ಎದ್ದು ಮೂಗಿಗೆ ಬಡಿಯಿತು. ನನಗೆ ತೇಗು ಬಂದುಬಿಟ್ಟಿತು. ಊಟ ಮಾಡಿರಲಿಲ್ಲ, ಆದರೂ ತೇಗು. ಟ್ಯೂಬಿನ ಗಾಳಿ ಕುಡಿದವನಿಗೆ ಮಾತ್ರ ಇದು ಅರ್ಥವಾಗುತ್ತದೆ. ನೀವು ಕುಡಿದಿರಲಿಕ್ಕಿಲ್ಲ. ಕುಡಿಯಬೇಡಿ.

ನನ್ನ ಕೆಲಸ ಬಾವಿಗೆ ಬಿದ್ದದ್ದನ್ನು ತೆಗೆಯುವುದು. ಬಿಂದಿಗೆ, ಕೊಳಗ, ರಾಟೆ, ಒಂದು ಸಲ ಹೊಲಿಗೆ ಮಿಷನ್ನಿನ ತಲೆ. ಎಲ್ಲರ ಮನೆಯಲ್ಲೂ ಪಾತಾಳಗರಡಿ ಇರುತ್ತದೆ, ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕೊಕ್ಕೆಗಳ ಗೊಂಚಲು. ಅದಕ್ಕೆ ಸಿಗದಿದ್ದರೆ ನನಗೆ ಹೇಳಿಕಳಿಸುತ್ತಾರೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಎಲ್ಲ ಕಡೆ ಇಳಿದಿದ್ದೇನೆ. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಇಷ್ಟು ಊರು ನೋಡುವ ಕೆಲಸ ಇನ್ನಾವುದು ಸಿಗುತ್ತದೆ? ನೋಡಿದ್ದು ಊರುಗಳ ತಳ ಮಾತ್ರ, ಆ ಮಾತು ಬೇರೆ.

ಜನ ಕೇಳುತ್ತಾರೆ, ಒಳಗೆ ಏನಿರುತ್ತದೆ ಅಂತ. ಕೆಸರಿರುತ್ತದೆ. ಜೊತೆಗೆ ನೀವು ಕರೆಯದೇ ಇರುವವರು ಇರುತ್ತಾರೆ. ತಾವರೆಕೆರೆಯಲ್ಲಿ ಒಂದು ಹಿತ್ತಾಳೆ ಕೊಡ ತೆಗೆಯಲು ಹೋದೆ. ಕೊಡ ಸಿಕ್ಕಿತು, ಎತ್ತಿದರೆ ಭಾರ. ಕೆಸರು ತುಂಬಿದೆ ಅಂದುಕೊಂಡು ಹಾಗೇ ಮೇಲೆ ತಂದು ಆ ಮನೆಯ ಹೆಂಗಸಿನ ಕೈಗೆ ಕೊಟ್ಟೆ. ಕೊಡದೊಳಗಿಂದ ಒಂದು ಆಮೆ ತಲೆ ಆಚೆ ಹಾಕಿ ಆಕೆಯ ಮುಖ ನೋಡಿತು. ಆಕೆ ಕೂಗಿಕೊಂಡು ಕೊಡ ಎಸೆದಳು. ಎಲ್ಲಿಗೆ? ಬಾವಿಗೇ. ಮತ್ತೆ ಇಳಿದೆ. ಆಮೆ ಮತ್ತೆ ಕೊಡದೊಳಗೇ ಇತ್ತು. ಅದಕ್ಕೆ ಆ ಮನೆ ಒಗ್ಗಿಹೋಗಿತ್ತು.

ಚೇಳುಮೀನು ಕೈಗೆ ಕುಟುಕಿದೆ. ಚೇಳು ಅಂತ ಸುಮ್ಮನೆ ಹೆಸರಿಟ್ಟಿಲ್ಲ, ತೋಳು ಇಡೀ ದಿನ ಉರಿಯುತ್ತದೆ. ಏಡಿ ಹೆಬ್ಬೆರಳು ಹಿಡಿದು ನನ್ನ ಜೊತೆ ಮೇಲೆ ಬಂದಿದೆ. ಒಳ್ಳೆಹಾವು ಎಷ್ಟು ಸಲ ಕಚ್ಚಿದೆಯೋ ಲೆಕ್ಕ ಇಟ್ಟಿಲ್ಲ. ವಿಷ ಇಲ್ಲ. ಅದಕ್ಕೂ ಗೊತ್ತು, ನನಗೂ ಗೊತ್ತು. ಸುಮ್ಮನೆ ಕಚ್ಚುತ್ತದೆ, ಸುಮ್ಮನೆ ಬೈಯುತ್ತೇನೆ.

ನೀರಿನ ಹುಚ್ಚು ಹತ್ತಿಸಿದವಳು ಅಕ್ಕ, ರಂಗಮ್ಮ. ನಾವು ಚಿಕ್ಕವರಿದ್ದಾಗ ಹಳ್ಳದ ಮರಳು ತೋಡಿ ನೀರು ತೆಗೆಯುವ ಒಂದು ಗುಂಡಿ ಇತ್ತು, ತಲಪರಿಗೆ ಅಂತಾರೆ. ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅದರಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಅಂತ ಪಂಥ. ಅಕ್ಕನೇ ಯಾವಾಗಲೂ ಗೆಲ್ಲುತ್ತಿದ್ದಳು. ನಾನು ಒಂದು ದಿನ ಪರಂಗಿ ಎಲೆಯ ದಂಟು ಮುರಿದು ತಂದೆ. ಅದು ಒಳಗೆ ಪೊಳ್ಳು. ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ನೀರಿನ ಮೇಲೆ. ಮುಳುಗಿ ಕೂತು ರಾಜನ ಹಾಗೆ ಉಸಿರಾಡಿದೆ. ಅಕ್ಕ ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ನಾನು ನೀರು ಕುಡಿದು ಕೆಮ್ಮುತ್ತಾ ಎದ್ದರೆ, "ರಾಜರಿಗೆ ಉಸ್ರು ಕಟ್ತಾ?" ಅಂದಳು. ಪರಂಗಿ ಹಾಲಿಗೆ ನನ್ನ ತುಟಿ ಊದಿಕೊಂಡು ನಾಕು ದಿನ ಉಣ್ಣಲಾಗಲಿಲ್ಲ. ಅವ್ವ ಕೇಳಿದಾಗ ಅಕ್ಕ ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ಹೇಳಲಿಲ್ಲ. "ನಾನೇ ಮುಚ್ಚಿದ್ದು" ಅಂದು ಅವ್ವನ ಹತ್ತಿರ ಏಟು ತಿಂದಳು. ಅವಳು ಹಾಗೆ.

ಅಕ್ಕನನ್ನು ದೊಡ್ಡೇರಿ ಕಡೆಯ ಒಂದು ಹಳ್ಳಿಗೆ ಕೊಟ್ಟೆವು. ಗಂಡ ಹನುಮಯ್ಯ. ಒಳ್ಳೆಯವನು, ಆದರೆ ಮಾತು ಕಮ್ಮಿ. ಎಷ್ಟು ಕಮ್ಮಿ ಅಂದರೆ ನಮ್ಮ ಮನೆಗೆ ಬಂದು ಎರಡು ದಿನ ಇದ್ದು ಹೋದರೂ ಬಂದಿದ್ದನೋ ಇಲ್ಲವೋ ಅಂತ ನಾವು ಆಮೇಲೆ ಮಾತಾಡಿಕೊಳ್ಳುತ್ತಿದ್ದೆವು. ಅವನ ಪಾಲಿನ ಮಾತನ್ನೂ ಅವನ ತಾಯಿ ಲಕ್ಕಮ್ಮ ಆಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅಕ್ಕ ಬಟ್ಟೆ ಗಂಟು ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದು ಮನೆಗೆ ಬಂದಳು. ಆದದ್ದು ಇಷ್ಟು. ಬೆಳಿಗ್ಗೆ ಊರ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಕೊಡದ ಪಕ್ಕ ಒಂದು ಉದ್ದನೆಯ ಹಾವಿನಂಥದು ಎದ್ದು ಹೊರಳಿ ಮುಳುಗಿತು. ಮೀನಖಂಡದಷ್ಟು ದಪ್ಪ. ಪಕ್ಕದಲ್ಲಿದ್ದ ಹೆಂಗಸರು ಕೊಡ ಬಿಟ್ಟು ಓಡಿದರು. ಕುಡಿಯುವ ನೀರಿನ ಬಾವಿಯಲ್ಲಿ ನಾಗಪ್ಪ ಕಾಣಿಸಿಕೊಂಡ ಅಂತ ಊರಿಗೆಲ್ಲ ಆಯಿತು. ಆ ಊರಿನಲ್ಲಿ ಒಂದು ಕಟ್ಟು ಇದೆ. ಮುಟ್ಟಾದ ಹೆಂಗಸು ಆ ಬಾವಿಯ ಹಗ್ಗ ಹಿಡಿಯಬಾರದು. ಹಿಡಿದರೆ ನಾಗಪ್ಪ ಏಳುತ್ತಾನೆ. ನಾಗಪ್ಪ ಎದ್ದನಲ್ಲ, ಹಾಗಾದರೆ ಯಾರೋ ಹಿಡಿದಿದ್ದಾರೆ. ಆಗ ಹಗ್ಗ ಯಾರ ಕೈಯಲ್ಲಿತ್ತು? ಅಕ್ಕನ ಕೈಯಲ್ಲಿ.

"ನಾಗಪ್ಪ ಸುಮ್‌ಸುಮ್ಕೆ ಯಾರ್ಗೂ ಕಾಣಿಸ್ಕಳಲ್ಲ ಕಣಮ್ಮ" ಅಂದಳಂತೆ ಲಕ್ಕಮ್ಮ. "ಹೊರಗಾಗಿದ್ದೆ, ಮುಚ್ಚಿಟ್ಟೆ. ಒಪ್ಕೊಂಬುಡು. ತಪ್ಪುಕಾಣಿಕೆ ಇಟ್ಟು ಕೈ ಮುಗ್ದ್ರೆ ಆಯ್ತು."

"ಆಗ್ದೇ ಇರೋದ್ನ ಎಂಗೆ ಒಪ್ಕಳ್ಳಿ?" ಅಂದಳಂತೆ ಅಕ್ಕ.

"ಅಂಗಾದ್ರೆ ನಾಗಪ್ಪ ಸುಳ್ಳಾ?"

"ನಾನಂತೂ ಸುಳ್ಳಲ್ಲ."

ಹನುಮಯ್ಯ ಏನಂದ ಅಂತ ನಾನು ಕೇಳಿದೆ. ಅಕ್ಕ ಗೋಡೆ ನೋಡಿದಳು. ಅವನು ಏನೂ ಅಂದಿರಲಿಲ್ಲ. ಒಪ್ಪಿಕೊಳ್ಳುವ ತನಕ ತೌರಿನಲ್ಲಿರು ಅಂತ ಲಕ್ಕಮ್ಮ ಕಳಿಸಿದಾಗ ಬಸ್ಸಿನ ತನಕ ಬಂದು ಗಂಟು ಎತ್ತಿಕೊಟ್ಟನಂತೆ, ಅಷ್ಟೇ.

ನಮ್ಮವ್ವ ಕೂಡ, "ಒಪ್ಕೊಂಬುಡು ಮಗಾ, ಏನ್ ಗಂಟೋಗ್ತದೆ?" ಅಂದಳು.

"ಗಂಟೋಗಲ್ಲ ಕಣವ್ವ, ನಾನೋಗ್ತೀನಿ" ಅಂದಳು ಅಕ್ಕ. "ಇವತ್ತು ಒಪ್ಕಂಡ್ರೆ ನಾಳಿಕ್ಕೆ ಆ ಮನೇಲಿ ಹಾಲು ಒಡುದ್ರೂ ನಾನೇ, ಕೋಳಿ ಸತ್ರೂ ನಾನೇ."

ಸರಿಯಾಗಿಯೇ ಹೇಳಿದಳು. ಆದರೆ ದಿನ ಹೋದ ಹಾಗೆ ವಿಷಯ ಕೆಟ್ಟಿತು. ಊರಿನವರು ಬಾವಿ ಬಿಟ್ಟರು. ಹೆಂಗಸರು ದೂರದ ತಲಪರಿಗೆಯಿಂದ ನೀರು ಹೊರುತ್ತಿದ್ದರು, ಹೊರುವಾಗ ಹೆಜ್ಜೆಗೊಂದು ಸಲ ಅಕ್ಕನನ್ನು ಬೈಯುತ್ತಿದ್ದರು. ಹನುಮಯ್ಯನಿಗೆ ಬೇರೆ ಹೆಣ್ಣು ನೋಡುವ ಮಾತು ಲಕ್ಕಮ್ಮನ ಬಾಯಲ್ಲಿ ಬಂತು ಅಂತ ಸಂತೆಗೆ ಬಂದವರು ಹೇಳಿದರು.

ನಾನು ಅಕ್ಕನನ್ನು ಒಂದೇ ಮಾತು ಕೇಳಿದೆ. "ಅದು ಉಸ್ರಿಗೆ ಮೇಲಕ್ಕೆ ಬಂತಾ?"

"ಇಲ್ಲ. ಎಲ್ರೂ ಓಡೋದ್ರು. ನಾನು ಹೊತ್ತು ನೆತ್ತಿಗೆ ಬರಗಂಟ ಅಲ್ಲೇ ಬಗ್ಗಿ ನೋಡ್ದೆ. ಬರ್ಲೇ ಇಲ್ಲ."

ಹಾವಾದರೆ ಉಸಿರಿಗೆ ಬರಬೇಕು. ಎಂಥ ಹಾವಾದರೂ ಬರಬೇಕು. ಬರಲಿಲ್ಲ ಅಂದಮೇಲೆ ಅದು ಮೀನು. ಇದು ನನ್ನ ಲೆಕ್ಕ. ಹಾವಾದರೆ ಅಕ್ಕ ಸುಳ್ಳಿ, ಮೀನಾದರೆ ಅಲ್ಲ. ಹೋಗಿ ಹಿಡಿದು ತಂದು ತೋರಿಸಿದರೆ ಮುಗಿಯಿತು ಅಂದುಕೊಂಡೆ.

ಹೋದೆ. ಇಳಿದೆ. ಸೇದುವ ಬಾವಿಯಾದರೂ ಒಂದು ಪಕ್ಕ ಹೂಳು ತೆಗೆಯುವವರಿಗೆ ಕಲ್ಲಿನ ಮೆಟ್ಟಿಲು ಇತ್ತು. ಕಲ್ಲುಕಟ್ಟಡದ ಸಂದಿನಲ್ಲಿ ಒಂದು ಬಾಲ ಒಳಗೆ ಹೋಗುವುದು ಕಂಡಿತು. ಕೈ ಹಾಕಿದರೆ ಸಂದು ಆಳ. ಉಸಿರು ಕಟ್ಟಿ ಮೇಲೆ ಬಂದೆ. ಮತ್ತೆ ಇಳಿದೆ, ಅದು ಹೊರಗೇ ಬರಲಿಲ್ಲ. ಸಂಜೆ ತನಕ ಹತ್ತಿ ಇಳಿದು ಕಣ್ಣು ಕೆಂಪಗಾಯಿತು. ಅದಕ್ಕೆ ಅವಸರವಿಲ್ಲ, ನನ್ನ ಪುಪ್ಪುಸಕ್ಕೆ ಅವಸರ. ತಳದಲ್ಲೇ ಕೂತು ಕಾಯಬೇಕು, ಕಾಯುವುದಕ್ಕೆ ಗಾಳಿ ಬೇಕು.

ಶಿರಾಕ್ಕೆ ಹೋದೆ. ಅಲ್ಲಿ ನನ್ನ ಸ್ನೇಹಿತ ಬಾಷಾ ಪಂಕ್ಚರ್ ಅಂಗಡಿ ಇಟ್ಟಿದ್ದ. ಅವರಪ್ಪ ಪಾತ್ರೆಗೆ ಕಲಾಯಿ ಹಾಕುವವರು. ಅವರ ಒಂದು ತಪ್ಪಲೆಯನ್ನು ಬಾವಿಯಿಂದ ತೆಗೆದುಕೊಟ್ಟಾಗಿನಿಂದ ಪರಿಚಯ. ನಾನು ಹೇಳಿದ್ದನ್ನು ಕೇಳಿ ಬಾಷಾ ಪಂಪು ಕೆಳಗಿಟ್ಟ.

"ಅರೆ ನರಸ, ತಲೆ ಕೆಟ್ಟಿದ್ಯಾ? ಟ್ಯೂಬಲ್ಲಿರೋ ಹವಾ ಚಕ್ರಕ್ಕೆ ಭಾಯ್, ಮನುಷ್ಯಂಗಲ್ಲ."

"ಹವಾ ಹವಾನೇ ತಾನೆ?"

"ಹವಾ ಹವಾನೇ. ಲೇಕಿನ್ ನೀನು ಚಕ್ರ ಅಲ್ವಲ್ಲಪ್ಪ."

ಅಂದವನೇ ಕೆಲಸಕ್ಕೆ ಕೂತ. ಯಾವುದೋ ಜೀಪಿನ ತ್ಯಾಪೆ ಹಾಕಿದ ಟ್ಯೂಬು ತಂದ. ಗಾಳಿ ತುಂಬುವ ವಾಲ್ವಿನ ಒಳಗಿನ ಮುಳ್ಳು ತೆಗೆದು, ಅದಕ್ಕೆ ಸೈಕಲ್ ಟ್ಯೂಬಿನ ಒಂದು ಮೊಳ ತುಂಡು ಸೇರಿಸಿ ತಂತಿ ಸುತ್ತಿದ. ತುದಿಯನ್ನು ಬೆರಳಲ್ಲಿ ಹಿಂಡಿಕೊಂಡರೆ ಗಾಳಿ ನಿಲ್ಲುತ್ತದೆ, ಸಡಿಲ ಬಿಟ್ಟರೆ ಬಾಯಿಗೆ ಬರುತ್ತದೆ. ಉಸಿರು ಬಿಡುವುದು ಮೂಗಿನಲ್ಲಿ. ಇಷ್ಟೇ ಯಂತ್ರ.

ಅಲ್ಲೇ ಒಂದು ತೋಟದ ಬಾವಿಯಲ್ಲಿ ಪರೀಕ್ಷೆ ಮಾಡಿದೆವು. ಟ್ಯೂಬು ಎದೆಗೆ ಕಟ್ಟಿಕೊಂಡು ಧುಮುಕಿದೆ. ಮುಳುಗಲೇ ಇಲ್ಲ. ಟ್ಯೂಬು ನನ್ನನ್ನು ಅಂಗಾತ ಮಲಗಿಸಿಕೊಂಡು ಬಾವಿಯ ಸುತ್ತ ಮೆರವಣಿಗೆ ಮಾಡಿತು. ಬಾಷಾ ದಡದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. "ಚಕ್ರಾನೇ ಆಗ್ಬಿಟ್ಟೆ ಬಿಡು!" ಅಂದ. ಬಾವಿಗೆ ಬಿದ್ದದ್ದನ್ನು ತೆಗೆಯುವುದರಲ್ಲಿ ಇಷ್ಟು ಊರಿನಲ್ಲಿ ಹೆಸರು ಮಾಡಿದವನು ನಾನು, ಗಾಳಿ ತುಂಬಿದ್ದು ತೇಲುತ್ತದೆ ಅಂತ ಹೊಳೆದಿರಲಿಲ್ಲ. ಆಮೇಲೆ ಗುಂಡುಕಲ್ಲು ಸೇರಿಸಿದೆವು. ಕಲ್ಲು ತೊಡೆಯ ಮೇಲಿದ್ದರೆ ತಳದಲ್ಲಿ ಕೂರಬಹುದು. ಗಾಳಿಗೆ ರಬ್ಬರು, ಸುಣ್ಣದಪುಡಿ, ಸೊಲ್ಯೂಷನ್ನು, ಎಲ್ಲ ಸೇರಿದ ರುಚಿ. ತಲೆ ಸುತ್ತಿತು. ಆದರೆ ಕೂತೆ.

ಅಕ್ಕನನ್ನೂ ಬಾಷಾನನ್ನೂ ಕರೆದುಕೊಂಡು ದೊಡ್ಡೇರಿ ಬಸ್ಸು ಹತ್ತಿದೆ. ಅಕ್ಕ ಬರುವುದಿಲ್ಲ ಅಂದಳು. "ನೀನು ನೋಡ್ದೆ ಹೋದ್ರೆ ನಾನು ಹಿಡುದ್ರೂ ಏನ್ ಬಂತು?" ಅಂದೆ. ಬಂದಳು. ಅವಳ ಬಟ್ಟೆ ಗಂಟನ್ನು ನಾನೇ ಎತ್ತಿಕೊಂಡೆ. ದಾರಿಯುದ್ದಕ್ಕೂ ಮಧುಗಿರಿ ಬೆಟ್ಟವನ್ನು ಮೊದಲ ಸಲ ನೋಡುವವಳ ಹಾಗೆ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಬಾವಿಯ ಹತ್ತಿರ ಊರೇ ಸೇರಿತು. ಲಕ್ಕಮ್ಮ ಎದುರಿಗೆ ಬಂದು ನಿಂತಳು. ಚೀಲದಲ್ಲಿ ಏನು ಅಂತ ಮೂಸಿದಳು.

"ಕುಡ್ಯೋ ನೀರ್ಗೆ ಕೋಳಿಕಳ್ಳು ಹಾಕ್ತೀಯೇನ್ಲಾ ಮುಂಡೇದೆ?"

"ಕುಡೀತಾ ಎಲ್ಲಿದೀರಿ? ಬುಟ್ಟು ತಿಂಗ್ಳಾಯ್ತಲ್ಲ" ಅಂದೆ.

"ನಾಗಪ್ಪ ಕಚ್ಚುದ್ರೆ?"

"ಕಚ್ಚುದ್ರೆ ನಿನ್ ಮಾತೇ ಗೆಲ್ತು. ಬುಡು ದಾರಿ."

ಲಕ್ಕಮ್ಮ ಯೋಚನೆ ಮಾಡಿದಳು. "ಇಳೀಲಿ ಬುಡ್ರಪ್ಪ" ಅಂತ ಪಕ್ಕಕ್ಕೆ ಸರಿದಳು. ನನ್ನ ಸೊಂಟದ ಹಗ್ಗ ಹಿಡಿಯಲು ಬಾಷಾನ ಜೊತೆ ಒಬ್ಬ ಬೇಕಾಗಿತ್ತು. ಯಾರೂ ಮುಂದೆ ಬರಲಿಲ್ಲ. ಹನುಮಯ್ಯ ಗುಂಪಿನ ಹಿಂದಿನಿಂದ ಬಂದು ಮಾತಾಡದೆ ಹಗ್ಗ ಹಿಡಿದ. ಅಕ್ಕ ಅವನ ಕಡೆ ನೋಡಲಿಲ್ಲ.

ಹೀಗೆ ನಾನು ತಳ ಸೇರಿದ್ದು. ಕೂತೆ. ಒಂದು ಗುಟುಕು ಗಾಳಿ, ಮೂಗಲ್ಲಿ ಗುಳ್ಳೆ. ಇನ್ನೊಂದು ಗುಟುಕು, ಮತ್ತೆ ಗುಳ್ಳೆ. ಕಿವಿಯೊಳಗೆ ಕೀಲಿ ತಿರುಗಿಸಿದ ಹಾಗೆ ನೋವು. ಸಣ್ಣ ಮೀನುಗಳು ಬಂದು ಕಾಲಿನ ಹಕ್ಕಳೆ ಕಿತ್ತವು. ನಾನು ಕೂತೇ ಇರುವುದನ್ನು ನೋಡಿ ಒಂದು ಕಪ್ಪೆ ಗುಂಡುಕಲ್ಲಿನ ಮೇಲೆ ಬಂದು ಕೂತಿತು. ಅದುವರೆಗೂ ನಾನು ಬಾವಿಗೆ ಇಳಿದವನು, ಎತ್ತಿಕೊಂಡು ಹತ್ತಿದವನು. ಸುಮ್ಮನೆ ಕೂತವನಲ್ಲ. ಕೂತರೆ ಎಲ್ಲ ತಾವಾಗಿ ಬರುತ್ತವೆ ಅಂತ ಅವತ್ತು ಗೊತ್ತಾಯಿತು.

ಅದೂ ಬಂತು. ಮೊಣಕಾಲು, ತೊಡೆ, ಆಮೇಲೆ ಚೀಲದ ಬಾಯಿ. ತಲೆ ಹತ್ತಿರದಿಂದ ಕಂಡಿತು. ಚಪ್ಪಟೆ ತಲೆ, ಸಣ್ಣ ಕಣ್ಣು, ದಪ್ಪ ತುಟಿ, ಕೆಳದವಡೆ ಮುಂದಕ್ಕೆ. ಸಿಟ್ಟಿನ ಮುದುಕನ ಮುಖ. ಕರುಳಿನ ವಾಸನೆಗೆ ಚೀಲದೊಳಗೆ ಹೋಯಿತು. ಅರ್ಧ ಹೋಯಿತು. ನಾನು ಉಸಿರಾಡಲಿಲ್ಲ. ಪೂರ್ತಿ ಹೋಯಿತು. ಚೀಲದ ಬಾಯಿ ಹಿಡಿದು ಹುರಿ ಎಳೆದೆ.

ಆಮೇಲೆ ನಡೆದದ್ದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಚೀಲ ಒದೆಯಿತು. ನಾನು ಎರಡೂ ಕೈಯಲ್ಲಿ ಚೀಲ ಹಿಡಿದೆ. ಬೆರಳು ಸಡಿಲಾಗಿ ಟ್ಯೂಬಿನ ಗಾಳಿ ಮುಖಕ್ಕೆ ಭುಸ್ ಅಂತು. ಗುಂಡುಕಲ್ಲು ತೊಡೆಯಿಂದ ಉರುಳಿತು. ಉಳಿದಿದ್ದ ಗಾಳಿಯ ಸಮೇತ ಟ್ಯೂಬು ಸೊಂಟಕ್ಕೆ ಜಾರಿ ನನ್ನನ್ನು ತಲೆಕೆಳಗು ಮಾಡಿ ಮೇಲಕ್ಕೆ ಎಳೆಯಿತು. ನೀರಿನಿಂದ ಮೊದಲು ಆಚೆ ಬಂದದ್ದು ನನ್ನ ಪಾದಗಳು. ಮೇಲಿನಿಂದ ಒಬ್ಬ, "ನಾಗಪ್ಪ ಎತ್ತಿ ಬಿಸಾಕ್ದ ಕಣ್ರಲಾ!" ಅಂತ ಕೂಗಿದ್ದು ಕೇಳಿಸಿತು. ಬಾಷಾ ಮತ್ತು ಹನುಮಯ್ಯ ನನ್ನನ್ನು ಹಂದಿ ಎಳೆಯುವ ಹಾಗೆ ಮೆಟ್ಟಿಲಿಗೆ ಎಳೆದುಕೊಂಡರು. ಚೀಲ ಬಿಟ್ಟಿರಲಿಲ್ಲ.

ಬಾವಿಯ ಕಟ್ಟೆಯ ಮೇಲೆ ಚೀಲ ಬಿಚ್ಚಿ ಸುರಿದೆ. ಎತ್ತಿ ನಿಲ್ಲಿಸಿದರೆ ನನ್ನ ಎದೆಮಟ್ಟ ಬರುವಷ್ಟು ಉದ್ದ ಇತ್ತು. ಕಂದುಬಣ್ಣ, ಮೈಮೇಲೆ ಹಳದಿ ಮಚ್ಚೆ, ಹೊಟ್ಟೆ ಬಿಳಿ. ಬೆನ್ನಿನಿಂದ ಬಾಲದ ತನಕ ಸೀರೆ ಅಂಚಿನ ಹಾಗೆ ಒಂದೇ ರೆಕ್ಕೆ. ತಲೆಯ ಹಿಂದೆ ಆಚೆ ಒಂದು ಈಚೆ ಒಂದು ಪುಟ್ಟ ರೆಕ್ಕೆ. ನೋಡಿಕೊಳ್ಳಿ, ಮೀನು ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಅದು ಆ ಪುಟ್ಟ ರೆಕ್ಕೆಗಳನ್ನು ಒಂದು ಸಲ ಆಡಿಸಿತು.

"ಕಿವಿ! ಕಿವಿ ಐತೆ!" ಅಂತ ಒಬ್ಬಳು ಕಿರುಚಿದಳು.

ಗುಂಪು ಹಿಂದಕ್ಕೆ ಸರಿಯಿತು. ಲಕ್ಕಮ್ಮ ಎರಡೂ ಕೈ ಜೋಡಿಸಿದಳು. "ಅಯ್ಯೋ ನಮ್ಮಪ್ಪ! ನೂರು ವರ್ಸ ದಾಟಿದ್ ನಾಗಪ್ಪಂಗೆ ಕಿವಿ ಬತ್ತದಂತೆ. ನಮ್ಮತ್ತೆ ಹೇಳೋರು. ಹಳೇ ನಾಗಪ್ಪನೇ ಎದ್ದವ್ನೆ. ಎಂಥಾ ಮೈಲಿಗೆ ಮಾಡುದ್ಲೋ ಇವ್ಳು!" ಒಬ್ಬಿಬ್ಬರು ನೆಲಕ್ಕೆ ಬಿದ್ದು ಕೈ ಮುಗಿದರು. ಒಬ್ಬ ಅರಿಸಿನ ಕುಂಕುಮ ತರಲು ಓಡಿದ.

ನಾನು ಹಿಡಿದು ತಂದು ಅಕ್ಕನನ್ನು ಇನ್ನೂ ಆಳಕ್ಕೆ ತಳ್ಳಿದಂತಾಯಿತು. ಮೊದಲು ಬರಿಯ ನಾಗಪ್ಪ, ಈಗ ನೂರು ವರ್ಷದ ನಾಗಪ್ಪ. ನನಗೆ ಸಿಟ್ಟು ತಲೆಗೇರಿತು. "ಹಾವಿಗೆ ಯಾವೂರಾಗ್ ಕಿವಿ ಇರ್ತದೆ? ಕಿವಿರು ನೋಡ್ರಲೇ!" ಅಂತ ಅದರ ಕೆನ್ನೆ ಬಿಡಿಸಿ ತೋರಿಸಿದೆ. ಯಾರೂ ನೋಡಲಿಲ್ಲ, ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಬಾಷಾ ನನ್ನ ಭುಜ ಹಿಡಿದು, "ನಡಿ ಭಾಯ್, ಬಸ್ಸು ಸಿಗುತ್ತೆ" ಅಂದ. ಅಕ್ಕ ಮಾತ್ರ ಕಣ್ಣು ಬಿಟ್ಟುಕೊಂಡು ನಿಂತಿದ್ದಳು. ಕೈ ಮುಗಿಯಲಿಲ್ಲ.

ಆಗ ಹಿಂದಿನಿಂದ ಒಂದು ಮುದಿ ದನಿ, "ಏಮಿರಾ ಅದಿ? ಏನ್ರಲಾ ಗಲಾಟೆ?" ಅಂತ ಬಂತು.

ಲಕ್ಕಮ್ಮನ ತಾಯಿ. ಪಾವಗಡದಾಚೆ ಆಂಧ್ರದ ಗಡಿಯ ಊರಿನವಳು, ಮಗಳ ಮನೆಗೆ ಬಂದು ಇದ್ದಳು. ಕಣ್ಣು ಮಂಜು. ಯಾರೋ ಕೈ ಹಿಡಿದು ಕರೆತಂದರು. ನಾಗಪ್ಪ ಅಂತ ಹೇಳಿದರು, ಮುಟ್ಟಬೇಡ ಅಂದರು. ಮುದುಕಿ ಕೇಳುವವಳಲ್ಲ. ಕೂತು ಕೈ ಚಾಚಿ ಅದರ ಬೆನ್ನು ಸವರಿದಳು. ಬೆರಳಿಗೆ ಲೋಳೆ ಅಂಟಿತು. ಹೆಬ್ಬೆರಳಿಗೂ ತೋರುಬೆರಳಿಗೂ ಉಜ್ಜಿ ಮೂಗಿನ ಹತ್ತಿರ ಹಿಡಿದಳು. ಅವಳ ಮುಖ ಅರಳಿತು.

"ಮಲುಗು!" ಅಂದಳು. "ಪಾಮು ಕಾದೇ, ಹಾವಲ್ಲ ಕಣೇ, ಇದು ಮಲುಗು ಮೀನು! ಏಮೇ ಲಕ್ಕೀ, ಇದ್ಕೆ ಕೈ ಮುಗೀತೀಯೇನೇ? ನೀನು ಚಿಕ್ಕೋಳಿದ್ದಾಗ ನಮ್ಮೂರಲ್ಲಿ ಹುಣ್ಸೆಹುಳಿ ಹಾಕಿ ಸಾರು ಮಾಡ್ದಾಗ ಎರಡು ಸಲ ಹಾಕ್ಸ್ಕಂಡು ತಿಂದಿದ್ದೆ!"

ಲಕ್ಕಮ್ಮ ಜೋಡಿಸಿದ ಕೈ ಜೋಡಿಸಿದ ಹಾಗೇ ಇತ್ತು.

"ನಾನಾ?" ಅಂದಳು.

"ನುವ್ವೇ! ಮುಳ್ಳಿಲ್ಲ, ಚೆನ್ನಾಗೈತೆ ಅಂತ ತಲೆ ಕೂಡ ಬಿಡ್ಲಿಲ್ಲ."

ಮೊದಲು ನಕ್ಕವನು ಬಾಷಾ. ಆಮೇಲೆ ಒಬ್ಬೊಬ್ಬರಾಗಿ ಶುರುವಾಯಿತು. "ಲಕ್ಕಕ್ಕ ನಾಗಪ್ಪನ್ನೇ ಸಾರು ಮಾಡ್ಕಂಡ್ ತಿಂದ್ಬುಟ್ಟವ್ಳೆ!" "ಅದ್ಕೇ ಬುಸುಗುಟ್ಟೋದು ಕಣ್ಲಾ!" ಕುಂಕುಮ ತರಲು ಓಡಿದ್ದವನು ವಾಪಸ್ಸು ಬಂದು, ಎಲ್ಲರೂ ಯಾಕೆ ನಗುತ್ತಿದ್ದಾರೆ ಅಂತ ತಿಳಿಯದೆ ತಟ್ಟೆ ಹಿಡಿದುಕೊಂಡು ನಿಂತ.

ಮುದುಕಿಗೆ ಹುರುಪು ಬಂತು. ಈ ಮಲುಗು ಹುಟ್ಟುವುದು ಬಾವಿಯಲ್ಲಲ್ಲ, ಕೆರೆಯಲ್ಲೂ ಅಲ್ಲ, ಸಮುದ್ರದಲ್ಲಿ ಅಂದಳು. ನೂಲಿನೆಳೆಯಷ್ಟು ಇರುವಾಗ ಹೊಳೆ ಹತ್ತಿ ಬರುತ್ತದಂತೆ. ಮುದಿಯಾದಾಗ ಮತ್ತೆ ಸಮುದ್ರಕ್ಕೆ ಇಳಿಯುತ್ತದಂತೆ. ಅವರಪ್ಪ ಹೇಳಿದ್ದಂತೆ.

"ಸಮುದ್ರದಿಂದ ದೊಡ್ಡೇರಿಗೆ ಯಾವ್ ಬಸ್ಸವ್ವಾ?" ಅಂತ ಒಬ್ಬ ಕೇಳಿದ.

"ಪೆನ್ನೇರು ಹೊಳೇನೇ ಬಸ್ಸು ಕಣ್ಲಾ. ವಾನ ಬಂದ್ರೆ, ಮಳೆ ಹುಯ್ದ್ರೆ, ಟಿಕೆಟ್ಟೂ ಕೇಳಲ್ಲ."

ಹಿಂದೆ ಒಂದು ವರ್ಷ ಮಳೆ ಜಾಸ್ತಿಯಾಗಿ ಹಳ್ಳದ ನೀರು ಬಾವಿಗೆ ನುಗ್ಗಿದ್ದನ್ನು ಕೆಲವರು ನೆನೆಸಿಕೊಂಡರು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಾನು ಸಮುದ್ರ ನೋಡಿಲ್ಲ. ಶಿರಾದಲ್ಲಿ ಕ್ಯಾಲೆಂಡರಿನಲ್ಲಿ ನೋಡಿದ್ದೇನೆ, ನೀಲಿ ಬಣ್ಣ ಬಳಿದಿದ್ದರು. ನಮ್ಮ ಸೀಮೆಯಲ್ಲಿ ಒಂದು ಕೊಡ ನೀರಿಗೆ ಇಷ್ಟು ಕಷ್ಟ, ಅಲ್ಲಿ ಯಾರಿಗೂ ಬೇಡದಷ್ಟು ನೀರು. ಅದನ್ನು ಬಿಟ್ಟು ಈ ಬಂಡೆ, ಮರಳು, ಜಾಲಿ ದಾಟಿ ಒಂದು ಪ್ರಾಣಿ ನಮ್ಮ ಬಾವಿಯ ಸಂದು ಹುಡುಕಿಕೊಂಡು ಬರಬೇಕಾದರೆ ಅದಕ್ಕೆ ತಲೆ ಕೆಟ್ಟಿರಬೇಕು. ಅಥವಾ ನಾನು ಟ್ಯೂಬು ಕಟ್ಟಿಕೊಂಡ ಹಾಗೆ ಅದಕ್ಕೂ ಏನೋ ಕಾರಣ ಇರಬೇಕು. ನಾನು ಸಮುದ್ರಕ್ಕೆ ಹೋಗಲಿಲ್ಲ, ಅದರದ್ದೊಂದು ಬಂದು ನನ್ನ ತೊಡೆ ಸವರಿ ಹೋಯಿತು. ಅಷ್ಟು ಸಾಕು ನನಗೆ.

ಜನ ಮಾತಿನಲ್ಲಿರುವಾಗ ಅದು ಒದ್ದೆ ಕಲ್ಲಿನ ಮೇಲೆ ತಾನೇ ಹರಿದುಕೊಂಡು ಹೋಗಿ ಬಾವಿಗೆ ಬಿತ್ತು. ಸಾರಿಗೆ ಆಸೆಪಟ್ಟಿದ್ದ ಕೆಲವರು ನನ್ನ ಮುಖ ನೋಡಿದರು. "ನಾನ್ ಇಳ್ಯಲ್ಲ" ಅಂದೆ.

ನಗು ಇಳಿಯಿತು. ಲಕ್ಕಮ್ಮ ಸೆರಗು ಸರಿಮಾಡಿಕೊಂಡಳು. ಹುಳ್ಳಗೆ ನಗುತ್ತಾ ಅಕ್ಕನ ಕಡೆ ತಿರುಗಿದಳು.

"ಸರಿ ಬುಡು. ಮೀನೇ ಆದ್ಮೇಲೆ ಮೈಲಿಗೆ ಏನೂ ಇಲ್ಲ. ನಿನ್ ತಪ್ಪಿಲ್ಲ. ಬಾ ಮನೀಗೆ."

ಎಲ್ಲರೂ ಮುಗಿಯಿತು ಅಂದುಕೊಂಡರು. ನಾನೂ ಅಂದುಕೊಂಡೆ. ಟ್ಯೂಬು ಮಡಿಸುತ್ತಿದ್ದೆ. ಅಕ್ಕ ಅಲ್ಲಾಡಲಿಲ್ಲ.

"ಹಾವಾಗಿದ್ರೆ?" ಅಂದಳು.

"ಏನು?"

"ಹಾವೇ ಆಗಿದ್ರೆ ನಂದು ತಪ್ಪಾಗ್ತಿತ್ತಾ? ಬಾವೀಲಿ ಏನೈತೆ ಅಂತ ನೋಡಿ ನಾನು ಎಂಥೋಳು ಅಂತ ಹೇಳ್ತೀರಾ?"

ಅಕ್ಕ ಲಕ್ಕಮ್ಮನನ್ನು ನೋಡುತ್ತಿರಲಿಲ್ಲ. ಹನುಮಯ್ಯನನ್ನು ನೋಡುತ್ತಿದ್ದಳು, ಬಂದಾಗಿನಿಂದ ಮೊದಲ ಸಲ. ಅವನು ಇನ್ನೂ ನನ್ನ ಸೊಂಟದ ಹಗ್ಗವನ್ನು ಕೈಗೆ ಸುತ್ತಿಕೊಂಡೇ ನಿಂತಿದ್ದ.

"ನೀನೇಳು. ಹಾವಾಗಿದ್ರೆ ಏನಂತಿದ್ದೆ?"

ಊರೆಲ್ಲ ಅವನ ಬಾಯಿ ನೋಡಿತು. ಬಾಷಾ ನನ್ನ ಪಕ್ಕದಲ್ಲಿ, "ಹೇಳಪ್ಪಾ, ಹೇಳು" ಅಂತ ಮೆಲ್ಲಗೆ ಗೊಣಗಿದ.

"ಗೊತ್ತಿಲ್ಲ ಕಣೆ" ಅಂದ ಹನುಮಯ್ಯ. "ನೀನು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು. ಹೇಳಕ್ಕೆ ಹೆದ್ರಿಕೆ ಆಯ್ತು."

ನಮ್ಮ ಕಡೆ ಗಂಡಸು ಬಾವಿ ತೋಡುತ್ತಾನೆ, ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಾನೆ, ಗಾಡಿಯಲ್ಲಿ ಪೀಪಾಯಿ ತರುತ್ತಾನೆ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬೀದಿಯಲ್ಲಿ ನಡೆಯುವುದಿಲ್ಲ. ಹೆಂಡತಿ ಹಾಸಿಗೆ ಹಿಡಿದಿದ್ದರೂ ಪಕ್ಕದ ಮನೆಯವಳಿಗೆ ಹೇಳುತ್ತಾನೆ. ಹನುಮಯ್ಯ ಹಗ್ಗ ಬಿಚ್ಚಿ ಕೆಳಗಿಟ್ಟ. ಕಟ್ಟೆಯ ಮೇಲೆ ಯಾರದೋ ಬಿಂದಿಗೆ ಇತ್ತು. ತಗೊಂಡು, ಎಲ್ಲರೂ ಬಿಟ್ಟಿದ್ದ ಆ ಬಾವಿಯ ಮೆಟ್ಟಿಲು ಇಳಿದು ಮುಳುಗಿಸಿದ. ಮೊದಲು ತಾನೇ ಬೊಗಸೆಯಲ್ಲಿ ಕುಡಿದ. ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡ. ಇಡುವುದು ಹೇಗೆ ಅಂತ ಗೊತ್ತಿರಲಿಲ್ಲ. ನೀರು ಚೆಲ್ಲಿ ಪಂಚೆಯೆಲ್ಲ ನೆನೆಯಿತು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಗಂಡಸರು ಸಿಳ್ಳೆ ಹೊಡೆದರು. "ಏಯ್ ಹನುಮಕ್ಕಾ, ನಮ್ಮನೇಗೂ ಒಂದು ಬಿಂದ್ಗೆ!" ಅಂದ ಒಬ್ಬ. ಲಕ್ಕಮ್ಮ, "ಏಯ್, ಮಾನ ಕಳೀಬ್ಯಾಡ ಇಡ್ಲಾ ಕೆಳಕ್ಕೆ" ಅಂತ ಅಡ್ಡ ಬಂದಳು. ಹನುಮಯ್ಯ ಅವಳನ್ನು ಸುತ್ತಿಹಾಕಿಕೊಂಡು ಹೋದ. ಊರ ನಡುವಿನ ಬೀದಿಯಲ್ಲೇ ಹೋದ, ಹಿತ್ತಲ ದಾರಿ ಇದ್ದರೂ.

ಅಕ್ಕ ಅವನು ಬೀದಿ ತಿರುಗುವ ತನಕ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಬಟ್ಟೆ ಗಂಟು ತಗೊಂಡಳು.

"ಚೆಲ್ಕಂಡು ಹೋಗ್ತಾನೆ, ಮನೀಗೆ ಸೇರೋಷ್ಟರಲ್ಲಿ ಏನೂ ಇರಲ್ಲ" ಅಂದಳು. ಅವನು ಹೋದ ದಾರಿಯಲ್ಲೇ ಹೋದಳು.

ನಾನು, ಬಾಷಾ ಬಸ್ಸಿಗೆ ನಡೆದೆವು. ಅಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.